ಎರಡನೇ ಸಲದ ಮಾತು

ನಮ್ಮ ಊರಿನಲ್ಲಿ ಹಿಟ್ಟಿನ ಗಿರಣಿ ಒಂದೇ, ಅದು ನನ್ನದು. ಇದನ್ನು ಮೊದಲೇ ಗಟ್ಟಿಯಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮೂರಲ್ಲಿ ಯಾವುದನ್ನೂ ಎರಡು ಸಲ ಹೇಳಲು ಬರುವುದಿಲ್ಲ. ಒಬ್ಬರಿಗೆ ಒಂದು ಮಾತು ಹೇಳಿದೆವೆಂದರೆ ಮುಗಿಯಿತು. ಅವರಿಗೇ ಅದೇ ಮಾತನ್ನು ಇನ್ನೊಮ್ಮೆ ಹೇಳಿದರೆ ತುಟಿ ಆಡುತ್ತದೆ, ಸದ್ದು ಬರುವುದಿಲ್ಲ. ನಡುವೆ ಇಪ್ಪತ್ತು ವರ್ಷ ಕಳೆದಿದ್ದರೂ ಅಷ್ಟೇ. ಹೂಂ, ಉಹೂಂ, ಬಾ, ಹೋಗು ಎಂಬ ಚಿಲ್ಲರೆ ಮಾತುಗಳಿಗೆ ಈ ಕಾಟವಿಲ್ಲ. ಬೇರೆಯವರಿಗೆ ಹೇಳುವುದಾದರೆ ಅಡ್ಡಿಯಿಲ್ಲ, ಅದೇ ವಿಷಯವನ್ನು ಬೇರೆ ಮಾತಿನಲ್ಲಿ ಹೇಳಿದರೂ ಅಡ್ಡಿಯಿಲ್ಲ. ಹೇಳಿದ್ದನ್ನೇ ಹಾಗೆಹಾಗೇ ಹೇಳುವಂತಿಲ್ಲ, ಅಷ್ಟೇ.

ಹಾಗಾಗಿ ನಮ್ಮೂರ ಹೆಂಗಸರ ನಾಲಿಗೆ ಬಹಳ ಚುರುಕು. ಮಕ್ಕಳನ್ನು ಊಟಕ್ಕೆ ಕರೆಯಲು ದಿನಕ್ಕೊಂದು ಹೊಸ ಮಾತು ಬೇಕು. ಸೋಮವಾರ "ರೊಟ್ಟಿ ಆರಾಕತ್ತಾವು" ಎಂದರೆ ಮಂಗಳವಾರ "ಬದನೀಕಾಯಿ ನಿನ್ನ ಹಾದಿ ಕಾಯಾಕತ್ತೈತಿ" ಎನ್ನಬೇಕು. ಬುಧವಾರದ ಹೊತ್ತಿಗೆ ಮಾತು ಮುಗಿದಿದ್ದರೆ ಸೌಟಿನಿಂದ ತಾಟು ಬಡಿಯುತ್ತಾರೆ. ಗುಡಿಯ ಪೂಜಾರಿ ದಿನಾ ತುಟಿ ಆಡಿಸುತ್ತಾನೆ, ಮಂತ್ರ ಕೇಳಿಸುವುದಿಲ್ಲ. ದೇವರಿಗೆ ತುಟಿ ಓದಲು ಬರುತ್ತದೆ ಎಂದು ನಂಬಿಕೊಂಡಿದ್ದೇವೆ. ಚುನಾವಣೆಗೆ ಎರಡನೇ ಸಲ ನಿಂತವರು ವೇದಿಕೆ ಹತ್ತಿ ಅರ್ಧ ತಾಸು ಕೈ ಬೀಸಿ ಬಾಯಿ ತೆರೆದು ಮುಚ್ಚಿ ಇಳಿದುಹೋಗುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ, ಏನು ಹೇಳಿದರೆಂದು ಎಲ್ಲರಿಗೂ ಗೊತ್ತಿರುತ್ತದೆ.

ಮಾಡಲು ಬಾರದ ಕೆಲಸಕ್ಕೆ ಹೆಸರು ಜಾಸ್ತಿ. ಹೇಳಿದ್ದನ್ನೇ ಹೇಳುವುದಕ್ಕೆ ನಮ್ಮೂರಲ್ಲಿ ಇರುವಷ್ಟು ಶಬ್ದ ಇನ್ನೆಲ್ಲೂ ಇರಲಿಕ್ಕಿಲ್ಲ. ಹಳೇ ರಾಗ ಎನ್ನುತ್ತೇವೆ, ಮೆಲುಕು ಎನ್ನುತ್ತೇವೆ, ಗಾಣ ತಿರುಗಿಸುವುದು ಎನ್ನುತ್ತೇವೆ. ನಿವೃತ್ತರಾದ ಹನುಮೇಶ ಮಾಸ್ತರರು ಈ ಶಬ್ದಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಗಿರಣಿಗೆ ಬಂದಾಗಲೆಲ್ಲ ನನಗೊಂದು ಓದಿ ತೋರಿಸುತ್ತಾರೆ. ಪುನರುಕ್ತಿ. ಅಗಿದದ್ದನ್ನೇ ಅಗಿದರೆ ಚರ್ವಿತಚರ್ವಣ. ಒಂದು ದಿನ ಕನ್ನಡಕ ಏರಿಸಿ, "ನಿಂಬವ್ವ, ಇದು ನಿನ್ನ ಶಬ್ದ ನೋಡು. ಪಿಷ್ಟಪೇಷಣ. ಬೀಸಿದ ಹಿಟ್ಟನ್ನ ಮತ್ತ ಬೀಸೂದು. ಅಂದ್ರ ಹುರುಳಿಲ್ಲದ ಕೆಲಸ" ಎಂದರು. ನನಗೆ ಸಿಟ್ಟು ಬಂತು. "ಮಾಸ್ತರ, ಶಾವಿಗಿ ಹಿಟ್ಟಿನ ತರಿ ನಾ ಎರಡ ಸಲ ಬೀಸ್ತೀನಿ. ಒಂದ ಸಲ ಬೀಸಿದ್ದರಾಗ ಶಾವಿಗಿ ಮಾಡಿ ತೋರ್ಸ್ರಿ ನೋಡೂಣು, ಎಳಿ ಕಡೀತಾವು" ಎಂದೆ. ಅವರು ಅದನ್ನೂ ಬರೆದುಕೊಂಡರು.

ಇನ್ನು ನನ್ನ ವಿಷಯ. ಗಿರಣಿ ಹಚ್ಚಿದರೆ ಒಳಗೆ ನಿಂತವರಿಗೆ ತಮ್ಮ ಮಾತು ತಮಗೇ ಕೇಳುವುದಿಲ್ಲ. ಮದುವೆಯಾದ ವರ್ಷದಿಂದ ಇಪ್ಪತ್ತೆಂಟು ವರ್ಷ ಆ ಸದ್ದಿನೊಳಗೇ ನಿಂತಿದ್ದೇನೆ. ಯಾರದು ಜೋಳ, ಯಾರದು ಗೋಧಿ, ಯಾರಿಗೆ ಸಣ್ಣಗೆ, ಯಾರಿಗೆ ತರಿತರಿ, ಎಲ್ಲವನ್ನೂ ತುಟಿ ನೋಡಿ ತಿಳಿದುಕೊಂಡವಳು. ಮೊದಲು ಇದು ಬರೀ ಕಸುಬಿನ ಅಭ್ಯಾಸ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಊರಿನವರ ಎರಡನೇ ಸಲದ ಮಾತೆಲ್ಲ ನನಗೊಬ್ಬಳಿಗೇ ಕಾಣುತ್ತದೆ. ಸದ್ದು ಬರುವುದಿಲ್ಲವೆಂದು ಗೊತ್ತಿದ್ದೂ ಜನ ಹೇಳುವುದನ್ನು ಬಿಟ್ಟಿಲ್ಲ, ನೋಡಿ. ಗೊತ್ತಿದ್ದೂ ಹೇಳುತ್ತಾರೆ.

ಒಮ್ಮೆ ಬಡಿಗೇರ ಮೌನೇಶನ ಹೆಂಡತಿ ಬಂದು, "ನಿಂಬಕ್ಕ, ನನ್ನ ಗಂಡ ಊಟಕ್ಕ ಕುಂತಾಗ ದಿನಾ ಏನೋ ತುಟಿ ಆಡಸ್ತಾನ. ನನ್ನ ಬೈತಾನೋ ಏನೋ, ಬಂದು ನೋಡ" ಎಂದಳು. ಹೋಗಿ ನೋಡಿದೆ. ಅವನು ಒಂದು ತುತ್ತು ನುಂಗಿ, ತಾಟು ನೋಡುತ್ತ, "ಸಾರು ಚಲೋ ಆಗೇತಿ" ಎಂದ. ಮದುವೆಯಾದ ಹೊಸದರಲ್ಲಿ ಹೇಳಿದ್ದ ಮಾತು, ಹದಿನಾಲ್ಕು ವರ್ಷದಿಂದ ಅದನ್ನೇ ಹೇಳುತ್ತಿದ್ದ. ನಾನು ಹೇಳಿದ ಮೇಲೆ ಅವಳು ಒಲೆಯ ಮುಂದೆ ಕೂತು ಅತ್ತಳು. ಅಂದಿನಿಂದ ಊರಿಗೆ ನನ್ನ ಕಣ್ಣಿನ ಮೇಲೆ ಎಲ್ಲಿಲ್ಲದ ನಂಬಿಕೆ. ನನಗಂತೂ ಊರಿಗಿಂತ ಜಾಸ್ತಿ ನಂಬಿಕೆ. ನನಗೆ ತಪ್ಪಿಸಿಕೊಂಡ ತುಟಿ ಈ ಊರಲ್ಲಿಲ್ಲ ಎಂದು ಬೀಗುತ್ತಿದ್ದೆ. ಈಗಲೂ ಬೀಗುತ್ತೇನೆ, ಒಂದನ್ನು ಬಿಟ್ಟು.

ಆ ಒಂದು ಶಂಕ್ರವ್ವನದು. ಶಂಕ್ರವ್ವ, ಇಂದ್ರವ್ವ ಅಕ್ಕತಂಗಿಯರು. ಹುಟ್ಟಿದ್ದೂ ಇದೇ ಊರು, ಇಬ್ಬರನ್ನೂ ಇದೇ ಊರಿಗೆ ಕೊಟ್ಟಿದ್ದಾರೆ, ಅಕ್ಕನದು ಮೇಲಿನ ಓಣಿ, ತಂಗಿಯದು ಕೆಳಗಿನ ಓಣಿ. ತಾಯಿ ಸತ್ತ ಮೇಲೆ ಇಂದ್ರವ್ವನಿಗೆ ಅಕ್ಕನ ಮನೆಯೇ ತವರು. ತಾಯಿಯ ಶಾವಿಗೆ ಮಣೆ ಆ ಮನೆಯಲ್ಲಿದೆ. ವಾರಕ್ಕೊಮ್ಮೆ ಇಬ್ಬರೂ ಸೇರಿ ಶಾವಿಗೆ ಮಾಡುತ್ತಿದ್ದರು, ಅಕ್ಕ ಮಣೆ ಮೇಲೆ ಕೂತು ಕಣಕ ತೀಡುವುದು, ತಂಗಿ ಕೆಳಗೆ ಇಳಿದ ಎಳೆ ಹಿಡಿದು ಕೋಲಿಗೆ ಹಾಕುವುದು. ಊರಲ್ಲಿ ಅಷ್ಟು ಸಣ್ಣ ಎಳೆ ಯಾರಿಗೂ ಬರುವುದಿಲ್ಲ. ಶಂಕ್ರವ್ವ ಕಟ್ಟುನಿಟ್ಟಿನವಳು, ಹುಬ್ಬು ಯಾವಾಗಲೂ ಗಂಟು. ಇಂದ್ರವ್ವ ಮರೆಗುಳಿ. ಹಾಲು ಒಲೆಯ ಮೇಲಿಟ್ಟು ಪಕ್ಕದ ಮನೆಗೆ ಹೋಗಿ ಹರಟೆಗೆ ಕೂರುವ ಪೈಕಿ.

ಏಳು ತಿಂಗಳ ಹಿಂದೆ ಇಬ್ಬರೂ ಗೋಧಿ ತಗೊಂಡು ಗಿರಣಿಗೆ ಬಂದಿದ್ದರು. ಗೋಧಿ ಸರಿಯಾಗಿ ಹಸನು ಮಾಡಿಲ್ಲವೆಂದು ಅಕ್ಕ ತಂಗಿಗೆ ನಾಲ್ಕು ಮಾತು ಅಂದಳು, ತಂಗಿ ಮುಖ ಊದಿಸಿಕೊಂಡಳು. ಅದು ಅವರ ನಡುವೆ ದಿನದ ಮಾತೇ. ಶಂಕ್ರವ್ವನ ಹಿಟ್ಟು ಮೊದಲು ಆಯಿತು. ನಾನು ಮೋಟರು ನಿಲ್ಲಿಸಿ ಹಿಟ್ಟು ಬೀಳುವ ಬಟ್ಟೆಯ ಚೀಲ ಕೊಡವುತ್ತಿದ್ದೆ, ಗಿರಣಿ ಪೂರ್ತಿ ಶಾಂತವಾಗಿತ್ತು. ಅವಳು ಡಬ್ಬಿ ಸೊಂಟಕ್ಕಿಟ್ಟುಕೊಂಡು ಬಾಗಿಲವರೆಗೆ ಹೋಗಿ, ಹೊರಳಿ, ತಂಗಿಯನ್ನು ನೋಡಿ ಏನೋ ಅಂದಳು. ಸದ್ದು ಬರಲಿಲ್ಲ. ಹೋಗಿಬಿಟ್ಟಳು.

"ಏನಂದ್ಳು?" ಎಂದು ಇಂದ್ರವ್ವ ನನ್ನನ್ನು ಕೇಳಿದಳು.

ನಾನು ಕೆಲಸ ಕೂಡ ನಿಲ್ಲಿಸಲಿಲ್ಲ. "ಮತ್ತ ಬರಬ್ಯಾಡ ಅಂದ್ಳು" ಎಂದೆ.

ಇಂದ್ರವ್ವನ ಮುಖ ಬಿಳಿಚಿತು. ತನ್ನ ಗೋಧಿ ಬೀಸಿಸದೆಯೇ ಬುಟ್ಟಿ ಎತ್ತಿಕೊಂಡು ಹೊರಟಳು. ಅಯ್ಯೋ, ನಾಳೆ ಸರಿಹೋಗುತ್ತಾರೆ ಬಿಡು ಎಂದುಕೊಂಡೆ. ಸರಿಹೋಗಲಿಲ್ಲ. ಅವಳು ಮೇಲಿನ ಓಣಿಗೆ ಕಾಲಿಡುವುದನ್ನೇ ಬಿಟ್ಟಳು. ಹಬ್ಬ ಬಂದು ಹೋದವು, ಶಾವಿಗೆ ಮಣೆ ಗೋಡೆಗೆ ಒರಗಿಯೇ ಉಳಿಯಿತು. ಆಮೇಲೆ ಇಂದ್ರವ್ವನ ಮಗಳಿಗೆ ಲಗ್ನ ಗೊತ್ತಾಯಿತು. ಊರಿಗೆಲ್ಲ ಪತ್ರಿಕೆ ಹಂಚಿದಳು, ಅಕ್ಕನ ಮನೆಗೆ ಕೊಡಲಿಲ್ಲ. ಲಗ್ನದ ಶಾವಿಗೆಯನ್ನು ಪೇಟೆಯಿಂದ ತರಿಸುತ್ತಾಳಂತೆ ಎಂದು ಸುದ್ದಿ ಬಂತು.

ಲಗ್ನಕ್ಕೆ ಎಂಟು ದಿನ ಇತ್ತು. ಮಧ್ಯಾಹ್ನ ಶಂಕ್ರವ್ವ ಒಂದು ಸಣ್ಣ ಡಬ್ಬಿಯಲ್ಲಿ ಜೋಳ ತಂದಳು. ಅರ್ಧ ಬೀಸುವಷ್ಟರಲ್ಲಿ ಕರೆಂಟು ಹೋಯಿತು. ಅವಳು ಕಟ್ಟೆಯ ಮೇಲೆ ಕೂತಳು, ನಾನೂ ಕೂತೆ. ಸುಮ್ಮನಿರಲಾರದೆ, "ತಂಗಿ ಮಗಳ ಲಗ್ನ ಹತ್ರ ಬಂತಲ್ಲ" ಎಂದೆ.

"ಬಂತು. ನನಗೇನು, ನಾ ಯಾರು?" ಎಂದಳು. ಆಮೇಲೆ ತಡೆಯಲಾರದೆ ಶುರು ಮಾಡಿದಳು. "ಯಾಕ ಬರವಲ್ಲಿ ಅಂತ ಅಕಿ ಮನಿಗೇ ಹೋಗಿ ಕೇಳಿದೆ ನಿಂಬವ್ವ. ನಿನಗ ಗೊತ್ತಿಲ್ಲೇನು ಅಂದ್ಳು. ಇನ್ನೊಮ್ಮೆ ಕೇಳಬೇಕಂದ್ರ ನನಗ ಸದ್ದ ಬರಲಿಲ್ಲ. ಬ್ಯಾರೆ ಮಾತ ಹೊಳೀಲಿಲ್ಲ, ಹೊಳ್ಳಿ ಬಂದೆ. ನಾ ಅಂದದ್ದರ ಏನು ಹೇಳು. ಹಿಟ್ಟ ಸೋಸೂ ನನ್ನ ಸಣ್ಣ ಸಾಣಿಗಿ ಅಕಿ ಒಯ್ದು ತಿಂಗಳಾಗಿತ್ತು. ತಾ ತಾ ಅಂದ್ರ ಪ್ರತಿ ಸಲ ಬರಿಗೈಲೆ ಬರಾಕಿ. ಆವತ್ತ ಇಲ್ಲಿ ಬಾಗಿಲದಾಗ ಹೊಳ್ಳಿ ಮತ್ತ ಮರಿಬ್ಯಾಡ ಅಂದೆ. ಒಂದ ಸಾಣಿಗಿ ಸಲುವಾಗಿ ಯಾರರ ತವರ ಬಿಡ್ತಾರೇನು?"

"ಮತ್ತ ಮರಿಬ್ಯಾಡ" ಎನ್ನುವಾಗ ಅವಳು ಅಂದಿನ ಹಾಗೆಯೇ ಕತ್ತು ಹೊರಳಿಸಿದಳು, ಅಂದಿನ ಹಾಗೆಯೇ ಹುಬ್ಬು ಗಂಟಿಕ್ಕಿದಳು. ನನಗೆ ಆ ಮಾತನ್ನು ಅವಳು ಮೊದಲ ಸಲ ಹೇಳುತ್ತಿದ್ದುದರಿಂದ ಸದ್ದೂ ಬಂತು. ತುಟಿ ಅದೇ ತುಟಿ. ಮ ಎಂದರೂ ಬ ಎಂದರೂ ತುಟಿ ಒಂದೇ ರೀತಿ ಕೂಡಿ ಬಿಡುತ್ತದೆ. ನಡುವಿನ ರಿ ಮತ್ತು ರ ಬಾಯೊಳಗೆ ಆಗುವ ವ್ಯವಹಾರ, ಹೊರಗೆ ನಿಂತವರಿಗೆ ಕಾಣದು. ಇಪ್ಪತ್ತೆಂಟು ವರ್ಷ ತುಟಿ ಓದಿದವಳು ನಾನು, ಮರಿಬ್ಯಾಡ ಎಂದದ್ದನ್ನು ಬರಬ್ಯಾಡ ಎಂದು ಓದಿದ್ದೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಮುಚ್ಚಿಡುವ ಜಾಯಮಾನ ನನ್ನದಲ್ಲ. ಅಲ್ಲೇ ಹೇಳಿಬಿಟ್ಟೆ. ಶಂಕ್ರವ್ವ ಕಟ್ಟೆಯಿಂದ ಎದ್ದು ನಿಂತಳು. "ಏಳು ತಿಂಗಳು" ಎಂದಳು. "ನಿನ್ನ ಕಣ್ಣಾಗ ಹಿಟ್ಟ ಬಿದ್ದಿತ್ತೇನ ಆವತ್ತ? ತಿಳೀಲಿಲ್ಲ ಅಂತ ಹೇಳಾಕ ಏನಾಗಿತ್ತು ನಿನಗ?" ತಿಳಿಯಲಿಲ್ಲ ಎಂಬ ಮಾತನ್ನು ನಾನು ಯಾರಿಗೂ ಮೊದಲ ಸಲ ಕೂಡ ಹೇಳಿರಲಿಲ್ಲ. ಅವಳನ್ನು ಮನೆಗೆ ಕಳಿಸಿ, ಗಿರಣಿಗೆ ಬೀಗ ಹಾಕಿ ನೆಟ್ಟಗೆ ಕೆಳಗಿನ ಓಣಿಗೆ ನಡೆದೆ. ತಪ್ಪು ನನ್ನದು, ಸರಿಮಾಡುವುದೂ ನನಗೆ ಬರುತ್ತದೆ ಎಂದುಕೊಂಡೆ.

ಇಂದ್ರವ್ವನ ಅಂಗಳದಲ್ಲಿ ಚಪ್ಪರದ ಗಳ ಬಂದು ಬಿದ್ದಿದ್ದವು. ಅವಳು ಕುಂಕುಮ, ಅರಿಸಿಣದ ಪುಡಿಕೆ ಕಟ್ಟುತ್ತ ಕೂತಿದ್ದಳು. ಎಲ್ಲ ಹೇಳಿದೆ. ಸಾಣಿಗೆ ಹೇಳಿದೆ, ಮ ಮತ್ತು ಬ ಹೇಳಿದೆ. "ತಪ್ಪು ನಂದು ಇಂದ್ರವ್ವ, ನನ್ನ ನಂಬು" ಎಂದೆ.

ಅವಳು ಪುಡಿಕೆ ಕಟ್ಟುವುದನ್ನು ನಿಲ್ಲಿಸಲಿಲ್ಲ. "ಆವತ್ತ ಹೇಳಿದ್ದು ಖರೆ ನಿಂಬಕ್ಕ. ಇವತ್ತ ಲಗ್ನದ ಮನಿ, ಅಕ್ಕತಂಗ್ಯಾರು ಕೂಡ್ಲಿ ಅಂತ ಹೇಳಾಕತ್ತಿ. ನಿನ್ನ ಮನಸ್ಸು ಚಲೋ ಐತಿ. ಚಾ ಕುಡದ ಹೋಗು" ಎಂದಳು. ನಮ್ಮೂರಲ್ಲಿ ಮೊದಲು ಕೇಳಿಸಿದ್ದಕ್ಕೆ ತೂಕ ಜಾಸ್ತಿ, ಆಮೇಲೆ ಬಂದದ್ದೆಲ್ಲ ತೇಪೆ ಎಂದೇ ಲೆಕ್ಕ. ನಾನು ಗಾಬರಿಯಿಂದ, "ತಪ್ಪು ನಂದು ಇಂದ್ರವ್ವ, ನನ್ನ ನಂಬು" ಎಂದು ಮತ್ತೆ ಅಂದೆ. ಸದ್ದು ಬರಲಿಲ್ಲ. ಮೂರನೇ ಸಲವೂ ಅಂದೆ. ಅವಳು ನನ್ನ ತುಟಿಯತ್ತ ನೋಡಿ ಮತ್ತೊಂದು ಪುಡಿಕೆ ಕಟ್ಟಿದಳು. ಊರಿನವರ ತುಟಿಯನ್ನೆಲ್ಲ ನಾನು ಓದಿದ್ದೆ, ನನ್ನದನ್ನು ಓದುವವರು ಯಾರೂ ಇರಲಿಲ್ಲ. ಮೌನೇಶ ಹದಿನಾಲ್ಕು ವರ್ಷ ಹೇಗೆ ಕೂತು ಉಂಡನೋ ಎಂದು ಆಗ ಅನಿಸಿತು.

ಚಹಾ ಕುಡಿಯುತ್ತ ಕೂತೆ. ಸೋತು ಎದ್ದುಹೋಗುವುದು ನನಗೆ ಆಗದ ಕೆಲಸ. ಅಂದಿನ ಗಿರಣಿಯನ್ನು ತಲೆಯಲ್ಲಿ ಮತ್ತೊಮ್ಮೆ ತಿರುಗಿಸಿದೆ. ಮೋಟರು ನಿಂತಿತ್ತು. ಶಂಕ್ರವ್ವ ಬಾಗಿಲಲ್ಲಿ ಹೊರಳಿದಳು. ಸದ್ದು ಬರಲಿಲ್ಲ. ಸದ್ದು ಬರಲಿಲ್ಲ! ನಾನು ಬಟ್ಟಲು ಕೆಳಗಿಟ್ಟೆ.

"ಇಂದ್ರವ್ವ, ಆವತ್ತ ನಿಮ್ಮಕ್ಕಗ ಸದ್ದ ಬರಲಿಲ್ಲ ಹೌದಲ್ಲೋ?"

"ಹೌದು."

"ಅಂದ್ರ ಅಕಿ ಆಡಿದ್ದು ಎರಡನೇ ಸಲದ ಮಾತು. ಮೊದಲನೇ ಸಲ ನಿನ್ನ ಕಿವಿಗೆ ಬಿದ್ದಿರಬೇಕು. ಮತ್ತ ಬರಬ್ಯಾಡ ಅಂತ ಅಕಿ ಯಾವತ್ತಾದ್ರೂ ಬಾಯಿಬಿಟ್ಟ ಅಂದದ್ದು ಕೇಳೀಯೇನ ನೀ?"

ಇಂದ್ರವ್ವನ ಕೈ ನಿಂತಿತು. ಅಷ್ಟು ಸರಳ ಲೆಕ್ಕ ಏಳು ತಿಂಗಳು ಯಾರಿಗೂ ಹೊಳೆದಿರಲಿಲ್ಲ. ನಾವೆಲ್ಲ ಹುಟ್ಟಿದಾಗಿನಿಂದ ಇದರೊಳಗೇ ಇದ್ದೇವೆ, ಸದ್ದಿಲ್ಲದ ತುಟಿ ಕಂಡರೆ ಏನು ಎಂದು ಕೇಳುತ್ತೇವೆ, ಯಾಕೆ ಎಂದು ಕೇಳುವುದಿಲ್ಲ. ಅವಳು ಕಣ್ಣು ಮುಚ್ಚಿ ಯೋಚಿಸಿದಳು. ಅವಳ ಮುಖ ಅರಳುವಂತೆ ಕಂಡು ಮತ್ತೆ ಬಾಡಿತು.

"ಕೇಳಿದ ನೆನಪಿಲ್ಲ. ಆದ್ರ ನನ್ನ ಮರವು ನಿನಗ ಗೊತ್ತೈತಿ. ಸಣ್ಣಾಕಿದ್ದಾಗ ಅಂದಿದ್ದರ? ನನ್ನ ನೆನಪು ನಂಬಿ ನಾ ಹ್ಯಾಂಗ ಹೋಗ್ಲಿ?"

"ನಿನ್ನ ನೆನಪು ಯಾರಿಗೆ ಬೇಕು? ಅಕಿ ಮುಂದ ಹೋಗಿ ನಿಂದ್ರು. ಆ ಮಾತ ಅಕಿ ಈಗ ನಿನಗ ಅನ್ಲಿ. ಮೊದ್ಲ ಅಂದಿದ್ರ ಸದ್ದ ಬರೂದಿಲ್ಲ, ನಾ ಸುಳ್ಳಿ. ಸದ್ದ ಬಂದ್ರ ಜನ್ಮದಾಗ ನಿನಗ ಅಕಿ ಅದನ್ನ ಅಂದೇ ಇಲ್ಲ."

ಅವಳು ಎದ್ದಳು. ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತಳು. ಏಳು ತಿಂಗಳಾದ ಮೇಲೆ ಇಂದ್ರವ್ವ ಬರಿಗಾಲಲ್ಲಿ ಮೇಲಿನ ಓಣಿ ಹತ್ತುವುದನ್ನು ಕಂಡು ಜನ ಬಾಗಿಲಿಗೆ ಬಂದರು. ನಾನು ಮುಂದೆ ನಡೆದೆ, ಎದೆ ಎತ್ತಿಯೇ ನಡೆದೆ. ಒಳಗೆ ಮಾತ್ರ ಒಂದು ಹೆದರಿಕೆ ಹುಟ್ಟಿಕೊಂಡಿತ್ತು. ಅಕ್ಕತಂಗಿಯರು ಸಣ್ಣವರಿದ್ದಾಗ ಜಗಳದಲ್ಲಿ ಏನು ಅನ್ನುವುದಿಲ್ಲ? ನಾನೇ ನನ್ನ ತಂಗಿಗೆ ಬಾವಿಗೆ ಬೀಳು ಎಂದವಳು.

ಶಂಕ್ರವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ತಂಗಿಯನ್ನು ಕಂಡು ಮೊರ ಅಲ್ಲೇ ಬಿಟ್ಟಳು. ನಾನು ವಿಷಯ ಹೇಳಿದೆ. ಅವಳು ಬೆಚ್ಚಿಬಿದ್ದಳು.

"ಹುಚ್ಚು ಹಿಡದೈತೇನ ನಿನಗ? ಲಗ್ನ ಎಂಟ ದಿನ ಐತಿ, ತಂಗಿಗೆ ಅಂಥಾ ಮಾತ ಆಡ್ಲ್ಯಾ ನಾ? ಒಲ್ಲೆ."

"ಅನ್ನದಿದ್ದರ ಅಕಿ ನಂಬೂದಿಲ್ಲ ಶಂಕ್ರವ್ವ."

ಅವಳು ನನ್ನನ್ನು ಪಕ್ಕಕ್ಕೆ ಎಳೆದು ಸಣ್ಣ ದನಿಯಲ್ಲಿ, "ಅವ್ವನ ಮಣಿ ಮ್ಯಾಲೆ ಯಾರು ಕುಂದ್ರಬೇಕಂತ ನಾವು ಆಡಿದ ಜಗಳಾ ಒಂದ ಎರಡ? ಸಿಟ್ಟಿನಾಗ ಅಂದಿದ್ದರ? ನನಗ ನೆನಪ ಇಲ್ಲ ನಿಂಬವ್ವ. ಸದ್ದ ಬರದಿದ್ದರ ಅಕಿ ಇನ್ನ ಯಾವತ್ತೂ ಬರೂದಿಲ್ಲ" ಎಂದಳು. ನನಗೂ ಅದೇ ಹೆದರಿಕೆ, ಆದರೂ, "ಬಂದೇ ಬರತೈತಿ, ಅನ್ನು" ಎಂದೆ. ಎಲ್ಲಿಂದ ಬಂತೋ ಆ ಧೈರ್ಯ. ನನ್ನ ಕಣ್ಣು ತಪ್ಪಿತ್ತು, ಶಂಕ್ರವ್ವನ ಬಗ್ಗೆ ನನ್ನ ಅಂದಾಜು ತಪ್ಪಿರಲಿಲ್ಲ ಎಂದು ಮಾತ್ರ ಅನಿಸಿತ್ತು.

ಶಂಕ್ರವ್ವ ತಂಗಿಯ ಮುಂದೆ ಬಂದು ನಿಂತಳು. ಬಾಯಿ ತೆರೆದಳು, ಮುಚ್ಚಿದಳು. ಕಣ್ಣಲ್ಲಿ ಆಗಲೇ ನೀರು ಇಳಿಯುತ್ತಿತ್ತು. ಇಂದ್ರವ್ವ ಅಕ್ಕನ ತುಟಿಯನ್ನೇ ನೋಡುತ್ತಿದ್ದಳು.

"ಮತ್ತ ಬರಬ್ಯಾಡ!"

ಅಷ್ಟು ಜೋರಾಗಿ ಬರುತ್ತದೆಂದು ಅವಳೂ ಎಣಿಸಿರಲಿಲ್ಲ. ಮಾಳಿಗೆಯ ಮೇಲಿದ್ದ ಪಾರಿವಾಳಗಳು ಹಾರಿದವು. ಪಕ್ಕದ ಮನೆಯಲ್ಲಿ ಯಾರೋ ತಂಬಿಗೆ ಕೈಬಿಟ್ಟರು. ಗಿರಣಿಯ ಮೋಟರಿಗೂ ಮೀರಿದ ದನಿ ಅದು, ಒಂದಕ್ಷರ ಮಾಸದ ಹೊಚ್ಚಹೊಸ ಮಾತು. ಐವತ್ತು ವರ್ಷದಲ್ಲಿ ಒಂದು ಸಲವೂ ಆಡಿರದ ಮಾತು.

"ಕೇಳಿಸ್ತು!" ಎಂದು ಇಂದ್ರವ್ವ ಕೂಗಿದಳು. "ಅಕ್ಕಾ, ಸದ್ದ ಬಂತು!" ಎಂದು ಅಳುತ್ತ ನಗುತ್ತ ಅಕ್ಕನನ್ನು ತಬ್ಬಿಕೊಂಡಳು. ನನ್ನ ಜೀವಮಾನದಲ್ಲಿ ಬರಬೇಡ ಎನಿಸಿಕೊಂಡು ಅಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ. ಶಂಕ್ರವ್ವ ತಂಗಿಯ ಬೆನ್ನು ಸವರುತ್ತ, "ಇನ್ನ ಆ ಮಾತ ಖರ್ಚಾತು ಬಿಡು. ನಾ ಅಂದ್ರೂ ನಿನಗ ಕೇಳೂದಿಲ್ಲ" ಎಂದಳು. ಆಮೇಲೆ ಇಬ್ಬರೂ ಸೇರಿ ನನ್ನನ್ನು ಬೈದರು. ಬೈಗುಳದಲ್ಲಿ ಅವರಿಬ್ಬರಿಗೂ ಒಂದೇ ಮಾತು ಎರಡು ಸಲ ಬೇಕಾಗಲಿಲ್ಲ, ಅಷ್ಟು ಸಂಗ್ರಹವಿತ್ತು. ನಾನು ನಿಂತು ಪೂರ್ತಿ ಬೈಸಿಕೊಂಡೆ.

ಲಗ್ನದ ಶಾವಿಗೆ ತಾಯಿಯ ಮಣೆಯ ಮೇಲೆಯೇ ಆಯಿತು. ಹಿಟ್ಟಿನ ತರಿಯನ್ನು ನಾನು ಎರಡು ಸಲ ಅಲ್ಲ, ಮೂರು ಸಲ ಬೀಸಿ ಕೊಟ್ಟೆ. ಹನುಮೇಶ ಮಾಸ್ತರರು ಪಂಕ್ತಿಯಲ್ಲಿ ಕೂತು ಶಾವಿಗೆ ಪಾಯಸ ಎರಡು ಸಲ ಹಾಕಿಸಿಕೊಂಡರು. "ಇದಕ್ಕೇನಂತೀರಿ ಮಾಸ್ತರ?" ಎಂದು ಕೇಳಿದೆ. ಬಾಯಿ ತುಂಬಿತ್ತು, ಉತ್ತರ ಬರಲಿಲ್ಲ. ತುಟಿ ಓದಲು ನಾನೂ ಹೋಗಲಿಲ್ಲ. ಈಗ ಯಾರಾದರೂ ತುಟಿ ಓದಲು ಕರೆದರೆ ಹೋಗುತ್ತೇನೆ, ಓದುತ್ತೇನೆ, ಮ ಬ ಪ ಬಂದ ಕಡೆ ಮಾತ್ರ "ತಿಳೀಲಿಲ್ಲ" ಎನ್ನುತ್ತೇನೆ. ಒಬ್ಬೊಬ್ಬರಿಗೆ ಒಂದೊಂದೇ ಸಲ ಹೇಳಬಹುದಾದ ಮಾತು ಅದು, ನೋಡಿಕೊಂಡು ಬಳಸುತ್ತೇನೆ.

ಲಗ್ನ ಮುಗಿದು ಎರಡು ತಿಂಗಳಾಯಿತು. ಸಾಣಿಗೆ ಇನ್ನೂ ಇಂದ್ರವ್ವನ ಅಡುಗೆಮನೆಯ ಗೂಟದಲ್ಲೇ ತೂಗುತ್ತಿದೆ, ಕಣ್ಣಾರೆ ನೋಡಿದ್ದೇನೆ. ಇಂದ್ರವ್ವ ಪ್ರತಿ ವಾರ ಅಕ್ಕನ ಮನೆಗೆ ಬರಿಗೈಯಲ್ಲೇ ಹೋಗುತ್ತಾಳೆ. ಮೊನ್ನೆ ನಾನೂ ಅಲ್ಲಿದ್ದೆ. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, ಏನನ್ನೋ ಕಾಯುವವಳ ಹಾಗೆ ಹೊರಳಿ ನೋಡಿದಳು. ಶಂಕ್ರವ್ವ ಹುಬ್ಬು ಗಂಟಿಕ್ಕಿ ತುಟಿ ಆಡಿಸಿದಳು. ಸದ್ದು ಬರಲಿಲ್ಲ.

"ಏನಂದ್ಳು?" ಎಂದು ಈ ಸಲ ನಾನೇ ಕೇಳಿದೆ.

ಇಂದ್ರವ್ವ ಚಪ್ಪಲಿ ಮೆಟ್ಟುತ್ತ ನಕ್ಕಳು. "ನಿನಗ್ಯಾಕ ಬೇಕು? ನನಗ ಕೇಳಿಸ್ತು" ಎಂದಳು.